ಕಿರುಪ್ರತಿಕೃತಿಗಳಿಗೆ ಸ್ಪ್ರೇ ಬಣ್ಣ: ಹವ್ಯಾಸವೂ ಆರೋಗ್ಯವೂ

ದೊಡ್ಡದನ್ನು ಅಂಗೈಯಗಲಕ್ಕೆ ಇಳಿಸಿ ಕಣ್ಣೆದುರು ಇಟ್ಟುಕೊಂಡು ಸಂತೋಷಪಡುವುದು ಮನುಷ್ಯನಿಗೆ ಬಹು ಹಿಂದಿನಿಂದ ಬಂದ ಅಭಿರುಚಿ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲುಗಳ ಮೇಲೆ ಶೆಟ್ಟಿ ದಂಪತಿಗಳ ಅಂಗಡಿ, ಮದುವೆಯ ದಿಬ್ಬಣ, ಉದ್ಯಾನ ಮುಂತಾದವು ನೆರೆಯುವುದು ಈ ಅಭಿರುಚಿಯ ಫಲವೇ. ಪಾಶ್ಚಾತ್ಯ ದೇಶಗಳಲ್ಲಿ ಇದು ಬೇರೊಂದು ರೂಪವನ್ನು ತಾಳಿತು. ಇಂಗ್ಲೆಂಡಿನಲ್ಲಿ 1939ರಲ್ಲಿ ಸ್ಥಾಪಿತವಾದ ಏರ್‌ಫಿಕ್ಸ್ ಸಂಸ್ಥೆಯು 1950ರ ದಶಕದಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದ ಬಿಡಿಭಾಗಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹೊಯ್ದು ಮಾರಿತು. ಕೊಂಡವರು ಅವನ್ನು ಅಂಟಿಸಿ ತಾವೇ ವಿಮಾನವನ್ನು ಕಟ್ಟಿಕೊಳ್ಳಬೇಕಾಗಿತ್ತು. ಜಪಾನಿನ ಶಿಜುಒಕಾ ನಗರದ ತಮಿಯಾ ಸಂಸ್ಥೆ ಇದೇ ವಿದ್ಯೆಯನ್ನು ಅತಿ ನಯಕ್ಕೆ ಒಯ್ದಿತು. 1979ರಲ್ಲಿ ಇಂಗ್ಲೆಂಡಿನ ನ್ಯೂಆರ್ಕ್ ಪಟ್ಟಣದಲ್ಲಿ ಪ್ರಾರಂಭವಾದ ಸಿಟಾಡೆಲ್ ಮಿನಿಯೇಚರ್ಸ್, ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗಾಗಿ ಒಂದಂಗುಲದಷ್ಟು ಎತ್ತರದ ಯೋಧರ ಗೊಂಬೆಗಳನ್ನು ಪ್ರಚಾರಕ್ಕೆ ತಂದಿತು.

ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳ ಆಟಿಕೆಯ ಅಂಗಡಿಗಳಲ್ಲಿಯೂ ಈ ಪೆಟ್ಟಿಗೆಗಳು ದೊರೆಯುತ್ತವೆ. ಬಿಡಿಭಾಗಗಳನ್ನು ಜೋಡಿಸುವುದು ತಾಳ್ಮೆಯ ಕೆಲಸವೇ ಹೊರತು ಅಪಾಯದ್ದಲ್ಲ. ಅದಾದ ಮೇಲೆ ಬಣ್ಣದ ಸರದಿ ಬಂದಾಗ ಮನೆಯೊಳಗೆ ಒಂದು ಹೊಸ ವಸ್ತು ಪ್ರವೇಶಿಸುತ್ತದೆ. ಅದೇ ಸ್ಪ್ರೇ ಬಣ್ಣದ ಡಬ್ಬಿ. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ, ಅಜ್ಜಿಯೂ ಹಸುಳೆಯೂ ಒಂದೇ ಸೂರಿನಡಿ ಮಲಗುವ ಸಂಸಾರದಲ್ಲಿ, ಈ ಡಬ್ಬಿಯನ್ನು ಹೇಗೆ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ತಿಳಿಯುವುದು ಅಗತ್ಯವಾಗಿದೆ.

ಡಬ್ಬಿಯ ಪೂರ್ವೇತಿಹಾಸ

ಒತ್ತಡದಲ್ಲಿರುವ ಅನಿಲದ ಸಹಾಯದಿಂದ ದ್ರವವನ್ನು ತುಂತುರಾಗಿ ಚಿಮ್ಮಿಸುವ ಡಬ್ಬಿಯ ಕಲ್ಪನೆ ನಾರ್ವೆಯ ಎರಿಕ್ ರೋಥೈಮ್ ಎಂಬ ಎಂಜಿನಿಯರನದು; 1920ರ ದಶಕದಲ್ಲಿ ಆತನಿಗೆ ಅದರ ಪೇಟೆಂಟ್ ದೊರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲಿವನ್ ಎಂಬ ವಿಜ್ಞಾನಿಗಳು ಸೈನಿಕರನ್ನು ಸೊಳ್ಳೆಗಳಿಂದ ರಕ್ಷಿಸಲು ಇದೇ ತತ್ತ್ವದ ಮೇಲೆ ಕೀಟನಾಶಕದ ಡಬ್ಬಿಯನ್ನು ರಚಿಸಿದರು. 1949ರಲ್ಲಿ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿ, ಪತ್ನಿ ಬಾನಿಯ ಸಲಹೆಯಂತೆ, ಡಬ್ಬಿಯೊಳಗೆ ಬಣ್ಣವನ್ನೇ ತುಂಬಿ ನೋಡಿದನು. ಸ್ಪ್ರೇ ಬಣ್ಣದ ಹುಟ್ಟು ಅಲ್ಲಿಂದ.

ಡಬ್ಬಿಯೊಳಗೆ ನಾಲ್ಕು ಪದಾರ್ಥಗಳಿರುತ್ತವೆ: ಬಣ್ಣದ ಪುಡಿ, ಅದನ್ನು ಮೇಲ್ಮೈಗೆ ಅಂಟಿಸುವ ರಾಳ, ರಾಳವನ್ನು ತೆಳುವಾಗಿಡುವ ದ್ರಾವಕ ಮತ್ತು ಎಲ್ಲವನ್ನೂ ಹೊರದೂಡುವ ಅನಿಲ. ಹಿಂದೆ ದೂಡುವ ಕೆಲಸಕ್ಕೆ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳನ್ನು ಉಪಯೋಗಿಸುತ್ತಿದ್ದರು. ಅವು ಓಝೋನ್ ಪದರವನ್ನು ನಾಶಮಾಡುತ್ತವೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅವು ಕ್ರಮೇಣ ಮರೆಯಾದವು. ಆ ಸ್ಥಾನಕ್ಕೆ ಬಂದವು ಬ್ಯೂಟೇನ್, ಪ್ರೊಪೇನ್, ಡೈಮೀಥೈಲ್ ಈಥರ್ ಮುಂತಾದ ಅನಿಲಗಳು. ಮೊದಲೆರಡು ಅಡುಗೆಮನೆಯ ಸಿಲಿಂಡರಿನಲ್ಲಿರುವವೇ. ಹೀಗೆ ಆಕಾಶದ ಅಪಾಯವೇನೋ ತಗ್ಗಿತು. ಆದರೆ ಬೆಂಕಿಯ ಅಪಾಯ ಡಬ್ಬಿಯೊಳಗೆ ಬಂದು ಕುಳಿತಿತು.

ಪ್ರೈಮರ್ ಏಕೆ ಬೇಕು?

ಪ್ಲಾಸ್ಟಿಕ್ ಮತ್ತು ಲೋಹಗಳ ಮೇಲ್ಮೈ ನುಣುಪು. ನೀರಿನಲ್ಲಿ ಕರಗಿಸಿದ ಬಣ್ಣವನ್ನು ಅದರ ಮೇಲೆ ಹಚ್ಚಿದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಗೂಡಿ ಜಾರುತ್ತದೆ. ಒಣಗಿದರೂ ಉಗುರು ತಗುಲಿದೊಡನೆ ಸುಲಿಯುತ್ತದೆ. ಆದುದರಿಂದ ಮೇಲ್ಮೈಯನ್ನು ಬಿಗಿಯಾಗಿ ಹಿಡಿಯುವ, ತಾನು ಒಣಗಿದಾಗ ಸೂಕ್ಷ್ಮವಾಗಿ ಒರಟಾಗಿದ್ದು ಮೇಲಿನ ಬಣ್ಣಕ್ಕೆ ಹಿಡಿತ ಕೊಡುವ ಒಂದು ಪೂರ್ವಲೇಪ ಬೇಕು. ಇದೇ ಪ್ರೈಮರ್. ಇದಾದ ಮೇಲೆ ಗೊಂಬೆಯ ಬಹುಭಾಗವನ್ನು ಆವರಿಸುವ ಮುಖ್ಯ ಬಣ್ಣವನ್ನು ಕೊಡುವುದು ತಳಬಣ್ಣ. ಕಣ್ಣು, ಗುಂಡಿ, ಪಟ್ಟಿ ಮುಂತಾದ ಕುಸುರಿ ಕೆಲಸವೆಲ್ಲ ತಳಬಣ್ಣದ ಮೇಲೆ ಕುಂಚದಿಂದ ಆಗಬೇಕಾದದ್ದು.

ಈ ತತ್ತ್ವ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಹುಣಸೆಬೀಜದ ಅಂಟಿನಿಂದ ಅದರ ಮೇಲೆ ಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪವನ್ನು ಕೊಟ್ಟು, ಅದು ಒಣಗಿದ ಮೇಲೆಯೇ ಬಣ್ಣಕ್ಕೆ ಕೈಹಾಕುತ್ತಾರೆ. ಚನ್ನಪಟ್ಟಣದ ಕ್ರಮ ಬೇರೆ. ಅಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಅಂಥ ಶಾಖದ ಬಲವಿಲ್ಲದ ಕಡೆ ಪೂರ್ವಲೇಪ ಅನಿವಾರ್ಯ.

ಪದರ ತೆಳುವಾಗಿರಬೇಕೆಂಬುದಕ್ಕೆ ಒಂದು ಲೆಕ್ಕ

ವಿಮಾನಗಳ ಪ್ರತಿಕೃತಿಗಳಲ್ಲಿ 1:72 ಎಂಬ ಪ್ರಮಾಣ ಬಹು ಬಳಕೆಯದು. ಆರು ಅಡಿ, ಎಂದರೆ 72 ಅಂಗುಲ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಒಂದೇ ಅಂಗುಲವಾಗುತ್ತಾನೆ. ಈಗ ಬಣ್ಣದ ಒಂದು ಪದರ 25 ಮೈಕ್ರಾನ್, ಅಂದರೆ ಮಿಲಿಮೀಟರಿನ ನಲವತ್ತನೆಯ ಒಂದು ಭಾಗದಷ್ಟು ದಪ್ಪವಿದೆಯೆಂದು ಇಟ್ಟುಕೊಳ್ಳೋಣ. ಅದನ್ನು 72ರಿಂದ ಗುಣಿಸಿದರೆ 1.8 ಮಿಲಿಮೀಟರ್ ಆಗುತ್ತದೆ. ಇಂಥ ನಾಲ್ಕು ಪದರಗಳು ಕುಳಿತರೆ ನಿಜವಾದ ವಿಮಾನಕ್ಕೆ 7 ಮಿಲಿಮೀಟರಿಗೂ ಹೆಚ್ಚು ದಪ್ಪನಾಗಿ ಗಾರೆ ಮೆತ್ತಿದಂತಾಯಿತು! ತಗಡುಗಳ ಕೂಡುಗೆರೆ, ಸೈನಿಕನ ಹುಬ್ಬು, ಕೋಟಿನ ಮಡಿಕೆ ಎಲ್ಲವೂ ಅದರಡಿ ಮುಚ್ಚಿಹೋಗುತ್ತವೆ. ಮುಚ್ಚಬೇಕು, ಆದರೆ ಹೂಳಬಾರದು. ಈ ಕೆಲಸದ ಸೂತ್ರ ಇಷ್ಟೇ.

ಪೂರ್ವಸಿದ್ಧತೆ

ಅಚ್ಚಿನಿಂದ ಬಿಡಿಸುವ ಸಲುವಾಗಿ ಹಚ್ಚಿದ ಜಿಡ್ಡು ಬಿಡಿಭಾಗಗಳ ಮೇಲೆ ಉಳಿದಿರಬಹುದು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ನೆರಳಿನಲ್ಲಿ ಪೂರ್ಣವಾಗಿ ಒಣಗಿಸಬೇಕು. ಅಚ್ಚಿನ ಎರಡು ಹೋಳುಗಳು ಕೂಡಿದಲ್ಲಿ ಏಳುವ ಸಣ್ಣ ಗೆರೆಯನ್ನು ಚಾಕುವಿನ ಬೆನ್ನಿನಿಂದ ಹೆರೆದು ತೆಗೆಯಬೇಕು; ಬಣ್ಣ ಬಿದ್ದ ಮೇಲೆ ಅದು ಇನ್ನಷ್ಟು ಎದ್ದು ಕಾಣುತ್ತದೆ. ಮರಳುಕಾಗದದಿಂದ ಉಜ್ಜುವುದಾದರೆ ನೀರು ಹಚ್ಚಿ ಉಜ್ಜುವುದು ಲೇಸು. ಧೂಳು ಮೂಗಿಗೆ ಏರುವುದಿಲ್ಲ. ತೊಳೆದ ಬಳಿಕ ಗೊಂಬೆಯನ್ನು ಬರಿಗೈಯಿಂದ ಮುಟ್ಟದೆ, ಬಾಟಲಿಯ ಮುಚ್ಚಳ ಅಥವಾ ಮರದ ಪಟ್ಟಿಯ ಮೇಲೆ ಎರಡೂ ಬದಿಗೆ ಅಂಟಿರುವ ಟೇಪಿನಿಂದ ನಿಲ್ಲಿಸಬೇಕು.

ಡಬ್ಬಿಯ ಮೇಲೆ ‘ಪ್ಲಾಸ್ಟಿಕ್ಕಿಗೆ ಯೋಗ್ಯ’ ಎಂಬ ಸೂಚನೆ ಇದೆಯೇ ಎಂದು ನೋಡುವುದು ಮುಖ್ಯ. ಮೋಟಾರುಗಾಡಿಗಳಿಗಾಗಿ ತಯಾರಾದ ಕೆಲವು ಬಣ್ಣಗಳ ತೀಕ್ಷ್ಣ ದ್ರಾವಕವು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಸಂದೇಹವಿದ್ದಲ್ಲಿ, ಬಿಡಿಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಚೌಕಟ್ಟಿನ ತುಂಡಿನ ಮೇಲೆ ಮೊದಲು ಪರೀಕ್ಷಿಸತಕ್ಕದ್ದು. ಮಕ್ಕಳು ಶಾಲೆಯ ಮಾದರಿಗಳಿಗೆ ಉಪಯೋಗಿಸುವ ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ. ಸ್ಪ್ರೇ ತಗುಲಿದೊಡನೆ ಅದು ಮಂಜುಗಡ್ಡೆಯಂತೆ ಕುಸಿಯುತ್ತದೆ. ಅದಕ್ಕೆ ನೀರಿನ ಬಣ್ಣವನ್ನು ಕುಂಚದಿಂದ ಹಚ್ಚುವುದೇ ಸರಿ.

ಸಿಂಪಡಿಸುವ ಕ್ರಮ

ಡಬ್ಬಿಯನ್ನು ಅಲುಗಿಸಿದಾಗ ಒಳಗಿನ ಗೋಲಿ ಸದ್ದುಮಾಡತೊಡಗುತ್ತದೆ. ಆ ಸದ್ದು ಕೇಳಿದ ಮೇಲೆ ಇನ್ನೂ ಎರಡು ನಿಮಿಷ ಅಲುಗಿಸಬೇಕು. ತಳದಲ್ಲಿ ಕುಳಿತ ಬಣ್ಣದ ಪುಡಿ ಸಮನಾಗಿ ಬೆರೆಯದಿದ್ದರೆ ಮೊದಲು ನೀರಾಗಿಯೂ ಕೊನೆಗೆ ಗಟ್ಟಿಯಾಗಿಯೂ ಬರುತ್ತದೆ. ಗೊಂಬೆಗೂ ಡಬ್ಬಿಗೂ 20ರಿಂದ 30 ಸೆಂಟಿಮೀಟರ್, ಅಂದರೆ ಸುಮಾರು ಒಂದು ಗೇಣು ಅಥವಾ ಅದಕ್ಕಿಂತ ತುಸು ಹೆಚ್ಚು ಅಂತರವಿರಲಿ. ತೀರ ಹತ್ತಿರವಾದರೆ ಬಣ್ಣ ಸೋರಿ ಇಳಿಯುತ್ತದೆ. ತೀರ ದೂರವಾದರೆ ಹನಿಗಳು ದಾರಿಯಲ್ಲೇ ಒಣಗಿ ಮರಳಿನಂತೆ ಕೂರುತ್ತವೆ.

ಗುಂಡಿಯನ್ನು ಒತ್ತುವುದು ಗೊಂಬೆಯ ಆಚೆಯಿಂದ; ಕೈ ಒಂದೇ ವೇಗದಲ್ಲಿ ಗೊಂಬೆಯನ್ನು ದಾಟಿಕೊಂಡು ಹೋಗಿ, ಈಚೆಗೆ ಬಂದ ಮೇಲೆಯೇ ಗುಂಡಿಯನ್ನು ಬಿಡಬೇಕು. ಒತ್ತಿದ ಮೊದಲ ಕ್ಷಣದ ಮತ್ತು ಬಿಟ್ಟ ಕೊನೆಯ ಕ್ಷಣದ ದಪ್ಪ ಹನಿಗಳು ಹೀಗೆ ಹೊರಗೆ ಬೀಳುತ್ತವೆ. ಒಂದೇ ಸಲಕ್ಕೆ ಮುಚ್ಚಿಬಿಡುವ ಆತುರ ಸಲ್ಲದು. ಮೊದಲ ಸುತ್ತಿನಲ್ಲಿ ಅಡಿಯ ಪ್ಲಾಸ್ಟಿಕ್ ಇನ್ನೂ ಅಲ್ಲಲ್ಲಿ ಕಾಣುತ್ತಿರಬೇಕು. ಕೆಲವು ನಿಮಿಷ ಬಿಟ್ಟು, ಗೊಂಬೆಯನ್ನು ತಿರುಗಿಸಿ, ಮತ್ತೊಂದು ತೆಳು ಪದರ. ಆಮೇಲೆ ಮಲಗಿಸಿ ತೋಳಿನ ಅಡಿ, ಗಲ್ಲದ ಅಡಿಗಳನ್ನು ನೋಡಿಕೊಳ್ಳುವುದು. ಸ್ಪ್ರೇ ತಲುಪದ ಮೂಲೆಯೊಂದೆರಡು ಉಳಿದರೆ ಅವನ್ನು ಕುಂಚದಿಂದ ಮುಚ್ಚಬಹುದು. ಅದಕ್ಕಾಗಿ ಇಡೀ ಗೊಂಬೆಯ ಮೇಲೆ ಮತ್ತೊಂದು ಪದರ ಹೇರಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಸಾಮಾನ್ಯ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಬರಿಯ ಅನಿಲ ಬರುವವರೆಗೆ ಒಂದೆರಡು ಕ್ಷಣ ಒತ್ತಿದರೆ ಮೂತಿ ಕಟ್ಟುವುದಿಲ್ಲ.

ಪ್ರೈಮರಿನ ಬಣ್ಣವೂ ಮುಂದಿನ ಫಲವನ್ನು ನಿರ್ಧರಿಸುತ್ತದೆ. ಬಿಳಿಯ ಮೇಲೆ ಹಳದಿ, ಕೆಂಪುಗಳು ಉಜ್ಜ್ವಲವಾಗುತ್ತವೆ. ಕಪ್ಪಿನ ಮೇಲೆ ಲೋಹದ ಬಣ್ಣಗಳು ಗಂಭೀರವಾಗಿ ಕಾಣುತ್ತವೆ. ಬೂದುಬಣ್ಣ ಎಲ್ಲಕ್ಕೂ ಹೊಂದುತ್ತದೆ, ಹೆರೆಯದೆ ಉಳಿದ ಗೆರೆಗಳನ್ನೂ ತೋರಿಸಿಕೊಡುತ್ತದೆ. ಎಲ್ಲ ಕಡೆಯಿಂದ ಕಪ್ಪನ್ನು ಕೊಟ್ಟು, ಅದು ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿಯನ್ನು ಹಗುರವಾಗಿ ಉದುರಿಸುವ ಪದ್ಧತಿಯೂ ಉಂಟು. ನಡುಹಗಲಿನ ಸೂರ್ಯ ಬೆಳಗಿದಂತೆ ಉಬ್ಬುಗಳು ಬೆಳ್ಳಗೂ ತಗ್ಗುಗಳು ಕಪ್ಪಗೂ ಉಳಿದು, ಮೇಲೆ ಹಚ್ಚುವ ತೆಳುಬಣ್ಣಕ್ಕೆ ನೆರಳು ಬೆಳಕು ತಾನಾಗಿ ಒದಗುತ್ತದೆ.

ತಳಬಣ್ಣಕ್ಕೆ ಸ್ಪ್ರೇ ಬೇಕೇ ಎಂಬುದು ಗೊಂಬೆಯನ್ನು ಅವಲಂಬಿಸಿದೆ. ಕೆಂಪು ಕೋಟಿನ ಇಪ್ಪತ್ತು ಸೈನಿಕರಿದ್ದರೆ ಕೆಂಪು ಡಬ್ಬಿ ಎಷ್ಟೋ ಸಂಜೆಗಳ ಶ್ರಮವನ್ನು ಉಳಿಸುತ್ತದೆ. ಒಂದೇ ಗೊಂಬೆಯಲ್ಲಿ ಹತ್ತು ಬಣ್ಣಗಳಿದ್ದರೆ ಪ್ರೈಮರಿನ ನಂತರ ಕುಂಚವೇ ಲೇಸು. ಸ್ಪ್ರೇ ಕೊಡುವುದಾದರೆ ಪ್ರೈಮರ್ ಚೆನ್ನಾಗಿ ಆರಿದ ಮೇಲೆಯೇ ಕೊಡಬೇಕು. ಎಷ್ಟು ಹೊತ್ತು ಎಂಬುದನ್ನು ಡಬ್ಬಿಯ ಮೇಲೆಯೇ ಮುದ್ರಿಸಿರುತ್ತಾರೆ.

ಊರು ಮತ್ತು ಋತು

ಡಬ್ಬಿಯ ಮೇಲಿನ ಸೂಚನೆಗಳನ್ನು ಬಹುಮಟ್ಟಿಗೆ ಶೀತದೇಶಗಳ ಹವೆಗೆ ಹೊಂದುವಂತೆ ಬರೆದಿರುತ್ತಾರೆ. ಮುಂಬಯಿಯ ಮಳೆಗಾಲ ಅವರ ಲೆಕ್ಕದಲ್ಲಿಲ್ಲ. ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಆ ತಂಪಿಗೆ ಸಾಂದ್ರೀಕರಿಸಿ ಬಣ್ಣದೊಳಗೆ ಸಿಕ್ಕಿಕೊಂಡು ವಿಭೂತಿ ಬಳಿದಂತೆ ಬಿಳುಪು ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈಯಲ್ಲಿ ಮಳೆ ಹಿಡಿದ ದಿನಗಳಂದು ಡಬ್ಬಿಯನ್ನು ಮುಟ್ಟದಿರುವುದೇ ವಿವೇಕ. ದಿಲ್ಲಿಯ ಮೇ ತಿಂಗಳ ಒಣಗಾಳಿಯಲ್ಲಿ ತೊಂದರೆ ತದ್ವಿರುದ್ಧ. ಹನಿಗಳು ಗಾಳಿಯಲ್ಲೇ ಒಣಗುವುದರಿಂದ ತುಸು ಹತ್ತಿರದಿಂದ, ಬೆಳಗಿನ ಹೊತ್ತು ಸಿಂಪಡಿಸಬೇಕು. ಅಲ್ಲಿಯ ಜನವರಿಯ ಚಳಿಯಲ್ಲಿ ಡಬ್ಬಿಯೊಳಗಿನ ಒತ್ತಡ ಇಳಿದು ಬಣ್ಣ ಉಗುಳಿದಂತೆ ಬೀಳುತ್ತದೆ. ಆಗ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಬಹುದು. ಒಲೆಯ ಬಳಿಯಾಗಲಿ ಕುದಿನೀರಿನಲ್ಲಾಗಲಿ ಎಂದಿಗೂ ಇಡಕೂಡದು. ಪುಣೆ, ಹೈದರಾಬಾದುಗಳಲ್ಲಿ ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಈ ಕೆಲಸಕ್ಕೆ ಅತ್ಯಂತ ಅನುಕೂಲ.

ಉಸಿರಿನ ಪ್ರಶ್ನೆ

ಸ್ಪ್ರೇ ಮಾಡಿದಾಗ ಹೊರಟ ಬಣ್ಣವೆಲ್ಲ ಗೊಂಬೆಯ ಮೇಲೆ ಕೂರುವುದಿಲ್ಲ. ಒಂದಂಗುಲದ ಗೊಂಬೆಗೆ ಗುರಿಯಿಟ್ಟಾಗ ಬಹುಪಾಲು ಅದರ ಪಕ್ಕದಿಂದ ಹಾದುಹೋಗಿ ಗಾಳಿಯಲ್ಲಿ ತೇಲುತ್ತದೆ. ಅದರಲ್ಲಿ ಎರಡು ಬಗೆಯ ಅಪಾಯವಿದೆ. ಮೊದಲನೆಯದು, ಶ್ವಾಸನಾಳಗಳವರೆಗೆ ಇಳಿಯಬಲ್ಲ ಸೂಕ್ಷ್ಮ ಕಣಗಳು. ಎರಡನೆಯದು, ಅಸಿಟೋನ್, ಜೈಲೀನ್, ಟೊಲ್ಯೂಯಿನ್ ಮುಂತಾದ ದ್ರಾವಕಗಳ ಆವಿ. ಮುಚ್ಚಿದ ಕೋಣೆಯಲ್ಲಿ ಈ ಆವಿಯನ್ನು ಸೇವಿಸಿದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಗಂಟಲುಗಳ ಉರಿ ಕಾಣಿಸುತ್ತವೆ. ಉಬ್ಬಸವುಳ್ಳವರಿಗೆ ಇದು ಉಸಿರು ಕಟ್ಟಿಸುವ ಸಂದರ್ಭವನ್ನೇ ತರಬಹುದು. ಗರ್ಭಿಣಿಯರು, ಹಸುಗೂಸುಗಳು, ಎದೆಯ ಕಾಯಿಲೆಯ ವೃದ್ಧರು ಹತ್ತಿರದಲ್ಲಿರಲೇಬಾರದು. ಗಟ್ಟಿಕಾರಕ ಬೆರೆಸಿ ಬಳಸುವ ಮೋಟಾರುಗಾಡಿಯ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದು ಆರೋಗ್ಯವಂತರಲ್ಲಿಯೂ ಉಬ್ಬಸವನ್ನು ಹುಟ್ಟಿಸಬಲ್ಲದಾದ್ದರಿಂದ ಮನೆಯ ಹವ್ಯಾಸಕ್ಕೆ ಸರ್ವಥಾ ತ್ಯಾಜ್ಯ.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಕೆಂಬುದು ತಪ್ಪು ತಿಳಿವಳಿಕೆ. ಬಟ್ಟೆಯ ಮುಸುಕು ಎರಡನ್ನೂ ತಡೆಯಲಾರದು. ಕೋವಿಡ್ ಕಾಲದಲ್ಲಿ ಮನೆಮಾತಾದ ಎನ್-95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿಗೆ ಬೇಕಾದದ್ದು ಕ್ರಿಯಾಶೀಲ ಇದ್ದಿಲು ತುಂಬಿದ, ಮುಂದುಗಡೆ ಕಣಗಳ ಸೋಸುಕವಿರುವ ರೆಸ್ಪಿರೇಟರ್. ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಸಂದುಗಳಿಂದ ಗಾಳಿ ನುಸುಳುತ್ತದೆ. ತೊಟ್ಟಿರುವಾಗಲೇ ಬಣ್ಣದ ವಾಸನೆ ಬಂದರೆ ಇದ್ದಿಲಿನ ಡಬ್ಬಿಯ ಆಯುಷ್ಯ ಮುಗಿಯಿತೆಂದೇ ಅರ್ಥ. ಇದರೊಂದಿಗೆ ಕನ್ನಡಕದಂಥ ರಕ್ಷೆ, ಕೈಗೆ ನೈಟ್ರೈಲ್ ಗವಸು ಇರಬೇಕು.

ಆದರೆ ಮಾಸ್ಕಿಗಿಂತ ದೊಡ್ಡ ರಕ್ಷಣೆ ಬಯಲು. ಬಚ್ಚಲುಮನೆ ಎಲ್ಲಕ್ಕಿಂತ ಕೆಟ್ಟ ಸ್ಥಳ. ಗಾಳಿಯಿಲ್ಲ, ಕೆಲವು ಕಡೆ ಗ್ಯಾಸ್ ಗೀಸರೂ ಉಂಟು. ಸೊಸೈಟಿಯ ಅನುಮತಿ ಪಡೆದು ತಾರಸಿಯ ಮೇಲೆ, ನೆರೆಹೊರೆಯವರ ಒಗೆದ ಬಟ್ಟೆಗಳಿಲ್ಲದ ಹೊತ್ತಿನಲ್ಲಿ, ಒಂದು ಬದಿ ತೆರೆದ ರಟ್ಟಿನ ಪೆಟ್ಟಿಗೆಯೊಳಗೆ ಗೊಂಬೆಯನ್ನಿಟ್ಟು, ಗಾಳಿಗೆ ಎದುರಾಗದಂತೆ ನಿಂತು ಸಿಂಪಡಿಸುವುದು ಉತ್ತಮ. ಬಣ್ಣ ಒಣಗುವಾಗಲೂ ಆವಿ ಹೊರಡುತ್ತಲೇ ಇರುತ್ತದೆ. ಹಸಿ ಗೊಂಬೆಯನ್ನು ಮಲಗುವ ಕೋಣೆಗೆ ತರಬಾರದು.

ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡುವ ಅಭ್ಯಾಸ ಅನೇಕರಿಗಿದೆ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಮ್‌ನಂಥ ವಿಷಲೋಹಗಳಿರುವುದರಿಂದ ಇದನ್ನು ಬಿಡತಕ್ಕದ್ದು. ಭಾರತ ಸರಕಾರದ 2016ರ ನಿಯಮಗಳು ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ಗೊತ್ತುಪಡಿಸಿವೆ. ಆದರೂ ಹೆಸರಿಲ್ಲದ ಅಗ್ಗದ ಡಬ್ಬಿಗಳನ್ನು ಮಕ್ಕಳ ಆಟಿಕೆಗೆ ಬಳಸದಿರುವುದು ಲೇಸು. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಬೆರೆತಿರುವ ಸಂಭವವುಂಟು. ಅವನ್ನು ಹೆರೆದ ಮೇಲೆ ಕೈತೊಳೆಯದೆ ಊಟಕ್ಕೆ ಕೂರಬಾರದು.

ಕಣ್ಣಿಗೆ ಬಣ್ಣ ಸಿಡಿದರೆ ಉಜ್ಜದೆ, ಸ್ವಚ್ಛವಾದ ನೀರಿನಿಂದ ಹದಿನೈದು ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ತಲೆಸುತ್ತು ಬಂದವರನ್ನು ಕೂಡಲೇ ಬಯಲಿಗೆ ಕರೆತರಬೇಕು. ಉಸಿರಾಟ ಸುಧಾರಿಸದಿದ್ದರೆ ಆಸ್ಪತ್ರೆಗೆ ಸಾಗಿಸಲು ತಡಮಾಡಬಾರದು. ಚರ್ಮಕ್ಕಂಟಿದ ಬಣ್ಣವನ್ನು ಥಿನ್ನರಿನಿಂದ ಒರೆಸುವ ಬದಲು ಕೊಬ್ಬರಿ ಎಣ್ಣೆ ಸವರಿ ಸಾಬೂನಿನಿಂದ ತೊಳೆಯುವುದು ಒಳ್ಳೆಯದು. ಹರೆಯದ ಕೆಲವರು ಈ ಆವಿಯನ್ನು ಅಮಲಿಗಾಗಿ ಉದ್ದೇಶಪೂರ್ವಕವಾಗಿ ಸೇವಿಸುವುದುಂಟು. ಅದು ಒಮ್ಮೆಗೇ ಹೃದಯವನ್ನು ನಿಲ್ಲಿಸಬಲ್ಲದು. ಆದುದರಿಂದ ಡಬ್ಬಿಗಳು ಹಿರಿಯರ ಸುಪರ್ದಿನಲ್ಲಿ, ಬೀಗದೊಳಗೆ ಇರಲಿ.

ಬೆಂಕಿಯ ಭಯ

ಡಬ್ಬಿಯಿಂದ ಹೊರಬಂದ ಅನಿಲ ಗಾಳಿಗಿಂತ ಭಾರವಾದದ್ದು. ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ದೇವರ ಮನೆಯ ನಂದಾದೀಪ, ಊದುಬತ್ತಿಯ ಕಿಡಿ, ಅಡುಗೆಯ ಒಲೆ, ಸ್ವಿಚ್ಚಿನ ಕಿಡಿ, ಇವುಗಳಲ್ಲಿ ಯಾವುದೊಂದೂ ಸಾಕು. ಡಬ್ಬಿ 50 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಕಾಯಕೂಡದು. ಬಿಸಿಲಿನಲ್ಲಿ ನಿಂತ ಕಾರು, ಕಿಟಕಿಯ ಪಕ್ಕ, ಒಲೆಯ ಕಪಾಟು ಮೂರೂ ನಿಷಿದ್ಧ. ಬೇಸಗೆಯ ರಜೆಯಲ್ಲಿ ಊರಿಗೆ ಹೊರಟ ಮಕ್ಕಳು ಇದನ್ನು ಪೆಟ್ಟಿಗೆಯಲ್ಲಿ ಅಡಗಿಸಿಡದಂತೆ ನೋಡಿಕೊಳ್ಳಬೇಕು. ವಿಮಾನದಲ್ಲಿ ಕೈಚೀಲದಲ್ಲಿಯೂ ಸರಕಿನಲ್ಲಿಯೂ ಇದಕ್ಕೆ ಪ್ರವೇಶವಿಲ್ಲ. ರೈಲಿನಲ್ಲಿಯೂ ಬೇಗ ಹೊತ್ತಿಕೊಳ್ಳುವ ವಸ್ತುಗಳನ್ನು ಒಯ್ಯುವುದು ಅಪರಾಧ. ಖಾಲಿಯಾದ ಡಬ್ಬಿಯನ್ನು ಚುಚ್ಚಬಾರದು, ಸುಡಬಾರದು. ಹಸಿಕಸದಲ್ಲಿ ಸೇರಿಸದೆ ಅಪಾಯದ ಕಸವೆಂದು ಬೇರೆಯಾಗಿ ಕೊಡಬೇಕು. ಕಸ ಆಯುವ ಬಡವರ ಕೈಗೂ ಕಣ್ಣಿಗೂ ಬೆಲೆಯಿದೆ.

ಜಮಾ-ಖರ್ಚು

ಕೊನೆಯದಾಗಿ ಲಾಭ ನಷ್ಟಗಳ ತಕ್ಕಡಿ. ಸ್ಪ್ರೇಯಿಂದ ಜಮೆಯ ಬದಿಗೆ ವೇಗ, ಸಮತಲವಾದ ಪದರ, ಕುಂಚದ ಗೆರೆಗಳಿಲ್ಲದ ಅಂದ. ಖರ್ಚಿನ ಬದಿಗೆ ಗಾಳಿಗೆ ಹೋಗುವ ಬಣ್ಣ, ರೆಸ್ಪಿರೇಟರಿನ ಬೆಲೆ, ತಾರಸಿಯ ಅನುಮತಿ, ಋತುವಿನ ಕಟ್ಟುಪಾಡು. ಇವುಗಳಲ್ಲಿ ಹೆಚ್ಚಿನವು ಸ್ಥಿರ ವೆಚ್ಚ. ಒಂದು ಗೊಂಬೆಗೂ ಅಷ್ಟೇ, ಇಪ್ಪತ್ತು ಗೊಂಬೆಗಳಿಗೂ ಅಷ್ಟೇ. ಆದುದರಿಂದ ಬಿಡಿಬಿಡಿಯಾಗಿ ಮಾಡದೆ, ಒಂದು ತಿಂಗಳಲ್ಲಿ ಕಟ್ಟಿದ್ದನ್ನೆಲ್ಲ ಕೂಡಿಸಿ ಒಂದು ಒಳ್ಳೆಯ ಮುಂಜಾನೆ ಮುಗಿಸುವುದು ಹಣಕ್ಕೂ ಆರೋಗ್ಯಕ್ಕೂ ಮಿತವ್ಯಯ. ತಾರಸಿಯ ಸೌಲಭ್ಯವಿಲ್ಲದವರು, ಮನೆಯಲ್ಲಿ ಉಬ್ಬಸದವರಿರುವವರು ನಿರಾಶರಾಗಬೇಕಾಗಿಲ್ಲ. ಕುಂಚದಿಂದ ಹಚ್ಚುವ, ನೀರಿನಲ್ಲಿ ಬೆರೆತ ಪ್ರೈಮರ್ ಸಹ ದೊರೆಯುತ್ತದೆ. ಎರಡು ತೆಳು ಪದರ ಕೊಟ್ಟು ಇರುಳೆಲ್ಲ ಒಣಗಲು ಬಿಟ್ಟರೆ ಅದೂ ತೃಪ್ತಿಕರವಾಗಿ ಕೂರುತ್ತದೆ. ಚಿಕ್ಕ ಮಕ್ಕಳಿಗೆ ಇದೇ ಯೋಗ್ಯ. ಡಬ್ಬಿಯ ಕೆಲಸವನ್ನು ಹಿರಿಯರು ಮಾಡಿಕೊಡಲಿ, ಕುಸುರಿ ಕೆಲಸ ಮಕ್ಕಳದಾಗಲಿ.

ದೂರದರ್ಶನ ಮತ್ತು ಮೊಬೈಲುಗಳ ನಡುವೆ ತಂದೆಯೂ ಮಗಳೂ ಒಂದೇ ಮೇಜಿಗೆ ತಲೆಬಾಗಿಸಿ ಎರಡು ಗಂಟೆ ಕುಳಿತುಕೊಳ್ಳುವ ಹವ್ಯಾಸಗಳು ನಗರದಲ್ಲಿ ಹೆಚ್ಚಿಲ್ಲ. ಈ ಹವ್ಯಾಸ ಉಳಿದು ಬೆಳೆಯಬೇಕಾದದ್ದೇ. ಗೊಂಬೆ ಕೆಟ್ಟರೆ ಬಣ್ಣ ಕಳೆದು ಮತ್ತೆ ಹಚ್ಚಬಹುದು. ಕೆಟ್ಟ ಶ್ವಾಸಕೋಶಕ್ಕೆ ಆ ಅನುಕೂಲವಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಡಬ್ಬಿಯ ಮುಚ್ಚಳ ತೆರೆಯುವವರ ಮನೆಯಲ್ಲಿ ಹವ್ಯಾಸವೂ ಆರೋಗ್ಯವೂ ಒಟ್ಟಿಗೆ ಬಾಳಬಲ್ಲವು.